ವಿಭಾಗದ ಮುನ್ನಡೆ: ಬೇಸ್‌ಬಾಲ್ ಅಭಿಮಾನಿಯ ಆರು ತಿಂಗಳ ಲೆಕ್ಕ

ಅಮೆರಿಕದ ಷಿಕಾಗೊ ನಗರದಲ್ಲಿರುವ ರಿಗ್ಲೆ ಫೀಲ್ಡ್ ಕ್ರೀಡಾಂಗಣದ ಸ್ಕೋರ್‌ಬೋರ್ಡ್ ನಿರ್ಮಾಣವಾದದ್ದು 1937ರಲ್ಲಿ. ಇಂದಿಗೂ ಅದರ ಅಂಕಿಗಳನ್ನು ಕೈಯಿಂದಲೇ ಬದಲಿಸಲಾಗುತ್ತದೆ. ಅದರ ನೆತ್ತಿಯ ಮೇಲಿನ ಕಂಬದಲ್ಲಿ ನ್ಯಾಷನಲ್ ಲೀಗ್ ತಂಡಗಳ ಧ್ವಜಗಳು ಸಾಲಾಗಿ ಹಾರುತ್ತಿರುತ್ತವೆ. ಒಂದೊಂದು ಸಾಲು ಒಂದೊಂದು ವಿಭಾಗಕ್ಕೆ ಮೀಸಲು. ವಿಭಾಗದಲ್ಲಿ ಮೊದಲ ಸ್ಥಾನದಲ್ಲಿರುವ ತಂಡದ ಧ್ವಜ ಎಲ್ಲಕ್ಕಿಂತ ಮೇಲೆ, ಕೊನೆಯ ತಂಡದ್ದು ಎಲ್ಲಕ್ಕಿಂತ ಕೆಳಗೆ. ತಂಡದ ಸ್ಥಾನ ಬದಲಾದರೆ ಧ್ವಜದ ಸ್ಥಾನವೂ ಬದಲಾಗುತ್ತದೆ.

ಪಂದ್ಯ ಮುಗಿದ ಮೇಲೆ ಅಲ್ಲಿ ಇನ್ನೊಂದು ಧ್ವಜ ಏರುತ್ತದೆ. ಆತಿಥೇಯ ಷಿಕಾಗೊ ಕಬ್ಸ್ ತಂಡ ಗೆದ್ದಿದ್ದರೆ ಬಿಳಿಯ ಧ್ವಜ, ಸೋತಿದ್ದರೆ ನೀಲಿ ಧ್ವಜ. ಕ್ರೀಡಾಂಗಣದ ಪಕ್ಕದಲ್ಲೇ ಎತ್ತರದ ಹಳಿಯ ಮೇಲೆ ಸಾಗುವ ನಗರ ರೈಲಿನ ಪ್ರಯಾಣಿಕರು ಕೆಲಸ ಮುಗಿಸಿ ಮನೆಗೆ ಮರಳುವಾಗ ಕಿಟಕಿಯಿಂದಲೇ ಫಲಿತಾಂಶ ತಿಳಿದುಕೊಳ್ಳುವ ಪದ್ಧತಿ ದಶಕಗಳಷ್ಟು ಹಳೆಯದು. ಬೇಸ್‌ಬಾಲ್ ಅಭಿಮಾನಿಯ ದಿನಚರಿಯನ್ನು ಈ ಎರಡು ಬಗೆಯ ಧ್ವಜಗಳು ಸಂಕ್ಷಿಪ್ತವಾಗಿ ಹೇಳುತ್ತವೆ. ಇಂದು ತಂಡ ಗೆದ್ದಿತೇ ಎಂಬುದು ಮೊದಲ ಪ್ರಶ್ನೆ. ವಿಭಾಗದಲ್ಲಿ ಈಗ ಎಷ್ಟು ಮುಂದಿದೆ ಎಂಬುದು ಎರಡನೆಯದು.

ಸುಮಾರು ಆರು ತಿಂಗಳ ಕಾಲ, ಬಹುತೇಕ ಪ್ರತಿದಿನ, ಈ ಎರಡನೆಯ ಪ್ರಶ್ನೆಗೆ ಹೊಸ ಉತ್ತರ ದೊರೆಯುತ್ತದೆ. ಆ ಉತ್ತರವನ್ನು ನಂಬಿದವರನ್ನು ಬೇಸ್‌ಬಾಲ್ ಇತಿಹಾಸ ಅನೇಕ ಬಾರಿ ಕೈಬಿಟ್ಟಿದೆ.

ಲೀಗ್, ವಿಭಾಗ ಮತ್ತು 162 ಪಂದ್ಯಗಳು

ಅಮೆರಿಕ ಮತ್ತು ಕೆನಡಾದ 30 ತಂಡಗಳು ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆಡುತ್ತವೆ. ಕೆನಡಾದ ಏಕೈಕ ತಂಡ ಟೊರಾಂಟೊ ಬ್ಲೂ ಜೇಸ್. ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್ ಎಂಬ ಎರಡು ಲೀಗ್‌ಗಳಲ್ಲಿ ತಲಾ 15 ತಂಡಗಳಿವೆ. ಪ್ರತಿ ಲೀಗ್‌ನಲ್ಲಿ ಪೂರ್ವ, ಮಧ್ಯ ಮತ್ತು ಪಶ್ಚಿಮ ಎಂಬ ಮೂರು ವಿಭಾಗಗಳು. ಪ್ರತಿ ವಿಭಾಗದಲ್ಲಿ ಐದು ತಂಡಗಳು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ತಂಡವೂ 162 ಪಂದ್ಯಗಳನ್ನು ಆಡಬೇಕು. ವಿಭಾಗದಲ್ಲಿ ಮೊದಲ ಸ್ಥಾನ ಪಡೆದ ತಂಡ ನೇರವಾಗಿ ಪ್ಲೇ ಆಫ್ ಪ್ರವೇಶಿಸುತ್ತದೆ.

ವಿಭಾಗಗಳ ವ್ಯವಸ್ಥೆ ಮೊದಲಿನಿಂದಲೂ ಇದ್ದದ್ದಲ್ಲ. 1968ರವರೆಗೆ ಲೀಗ್‌ನಲ್ಲಿ ಅಗ್ರಸ್ಥಾನ ಪಡೆದ ಒಂದೇ ತಂಡ ಅಂತಿಮ ವರ್ಲ್ಡ್ ಸೀರೀಸ್‌ಗೆ ಅರ್ಹತೆ ಪಡೆಯುತ್ತಿತ್ತು. 1969ರಲ್ಲಿ ತಂಡಗಳ ಸಂಖ್ಯೆ 24ಕ್ಕೆ ಏರಿದಾಗ ಪ್ರತಿ ಲೀಗ್ ಅನ್ನು ಪೂರ್ವ ಮತ್ತು ಪಶ್ಚಿಮ ಎಂದು ಎರಡು ವಿಭಾಗ ಮಾಡಲಾಯಿತು. 1994ರಲ್ಲಿ ಮಧ್ಯ ವಿಭಾಗ ಸೇರಿ ಮೂರಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಆಟಗಾರರ ಮುಷ್ಕರ ಆರಂಭವಾಗಿ ವರ್ಲ್ಡ್ ಸೀರೀಸ್ ಕೂಡ ರದ್ದಾದುದರಿಂದ, ಹೊಸ ವ್ಯವಸ್ಥೆಯ ಮೊದಲ ಪ್ಲೇ ಆಫ್ ನಡೆದದ್ದು 1995ರಲ್ಲಿ. ವಿಭಾಗ ಗೆಲ್ಲದ ತಂಡಗಳಲ್ಲಿ ಉತ್ತಮವಾದುದಕ್ಕೆ 'ವೈಲ್ಡ್ ಕಾರ್ಡ್' ಎಂಬ ಅವಕಾಶ ದೊರೆತದ್ದೂ ಆಗಲೇ.

'ಹಿಂದಿರುವ ಪಂದ್ಯಗಳು' ಎಂಬ ಅಳತೆ

ಕ್ರಿಕೆಟ್ ಲೀಗ್‌ನ ಪಟ್ಟಿಯಲ್ಲಿ ಗೆಲುವಿಗೆ ಎರಡು ಅಂಕ, ಸಮಾನ ಅಂಕವಿದ್ದರೆ ನೆಟ್ ರನ್ ರೇಟ್ ಎಂಬ ಲೆಕ್ಕ ಕನ್ನಡದ ಓದುಗರಿಗೆ ಪರಿಚಿತ. ಬೇಸ್‌ಬಾಲ್‌ನಲ್ಲಿ ಅಂಕಗಳಿಲ್ಲ. ಒಂಬತ್ತು ಇನಿಂಗ್ಸ್ ಮುಗಿದರೂ ರನ್ ಸಮನಾಗಿದ್ದರೆ ಫಲಿತಾಂಶ ಬರುವವರೆಗೆ ಆಟ ಮುಂದುವರಿಯುವುದರಿಂದ ಡ್ರಾ ಕೂಡ ಇಲ್ಲವೆಂದೇ ಹೇಳಬಹುದು. ಉಳಿಯುವುದು ಗೆಲುವು ಮತ್ತು ಸೋಲು ಮಾತ್ರ. ಎಷ್ಟು ರನ್‌ಗಳಿಂದ ಗೆದ್ದರು ಎಂಬುದು ಸ್ಥಾನಪಟ್ಟಿಗೆ ಲೆಕ್ಕವಿಲ್ಲ.

ಎರಡು ತಂಡಗಳ ನಡುವಿನ ಅಂತರವನ್ನು 'ಹಿಂದಿರುವ ಪಂದ್ಯಗಳು' ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಲೆಕ್ಕ ಸರಳ. ಮೊದಲ ತಂಡ 60 ಗೆದ್ದು 40 ಸೋತಿದೆ, ಎರಡನೆಯದು 55 ಗೆದ್ದು 44 ಸೋತಿದೆ ಎಂದಿಟ್ಟುಕೊಳ್ಳಬಹುದು. ಗೆಲುವಿನ ವ್ಯತ್ಯಾಸ ಐದು, ಸೋಲಿನ ವ್ಯತ್ಯಾಸ ನಾಲ್ಕು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ನಾಲ್ಕೂವರೆ. ಅಂದರೆ ಎರಡನೆಯ ತಂಡ ನಾಲ್ಕೂವರೆ ಪಂದ್ಯ ಹಿಂದಿದೆ.

ಈ 'ಅರ್ಧ ಪಂದ್ಯ' ಹೊಸಬರನ್ನು ಗೊಂದಲಗೊಳಿಸುವುದುಂಟು. ಎಲ್ಲ ತಂಡಗಳೂ ಒಂದೇ ದಿನ ಸಮಸಂಖ್ಯೆಯ ಪಂದ್ಯಗಳನ್ನು ಆಡಿರುವುದಿಲ್ಲ; ಒಂದು ಊರಿನಲ್ಲಿ ಮಳೆ ಬಂದಿರುತ್ತದೆ, ಇನ್ನೊಂದು ತಂಡಕ್ಕೆ ವಿರಾಮದ ದಿನವಿರುತ್ತದೆ. ಮುಂದಿರುವ ತಂಡ ಆಡದೆ ಕುಳಿತ ದಿನ ಹಿಂದಿನ ತಂಡ ಗೆದ್ದರೆ ಅಂತರ ಅರ್ಧ ಪಂದ್ಯದಷ್ಟು ಕಡಿಮೆಯಾಗುತ್ತದೆ. ಒಂದು ಸೋತು ಇನ್ನೊಂದು ಗೆದ್ದರೆ ಪೂರ್ತಿ ಒಂದು ಪಂದ್ಯ ಕಡಿಮೆಯಾಗುತ್ತದೆ. ಎರಡೂ ಗೆದ್ದರೆ ಅಥವಾ ಎರಡೂ ಸೋತರೆ ಅಂತರ ಹಾಗೆಯೇ ಉಳಿಯುತ್ತದೆ, ಆದರೆ ದಿನವೊಂದು ಕಳೆದಿರುತ್ತದೆ. ಮುಂದಿರುವವರಿಗೆ ಅದು ಲಾಭ, ಹಿಂದಿರುವವರಿಗೆ ನಷ್ಟ.

ಅನುಭವಿ ಅಭಿಮಾನಿಗಳು ಒಟ್ಟು ಅಂತರಕ್ಕಿಂತ ಸೋಲಿನ ಅಂಕಣವನ್ನೇ ಮೊದಲು ನೋಡುತ್ತಾರೆ. ಇನ್ನೂ ಆಡದ ಪಂದ್ಯವನ್ನು ಮುಂದೆ ಗೆಲ್ಲಬಹುದು. ಸೋತ ಪಂದ್ಯವನ್ನು ಯಾವ ತಂಡವೂ ಹಿಂದಕ್ಕೆ ಪಡೆಯಲಾರದು ಎಂಬುದು ಅವರ ತರ್ಕ.

ಇಳಿಯುತ್ತ ಹೋಗುವ ಮ್ಯಾಜಿಕ್ ನಂಬರ್

ಕರ್ನಾಟಕದಲ್ಲಿ ವಿಧಾನಸಭೆ ಚುನಾವಣೆಯ ಮತ ಎಣಿಕೆಯ ದಿನ 'ಮ್ಯಾಜಿಕ್ ನಂಬರ್ 113' ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಬೇಸ್‌ಬಾಲ್‌ನಲ್ಲೂ ಅದೇ ಪದವಿದೆ, ಆದರೆ ಅರ್ಥ ಬೇರೆ. ಚುನಾವಣೆಯಲ್ಲಿ ಆ ಸಂಖ್ಯೆಯನ್ನು ಏರಿ ಮುಟ್ಟಬೇಕು. ಇಲ್ಲಿ ಅದು ಪ್ರತಿದಿನ ಇಳಿಯುತ್ತ ಸೊನ್ನೆಯನ್ನು ಮುಟ್ಟಬೇಕು.

163ರಿಂದ ಮುಂದಿರುವ ತಂಡದ ಗೆಲುವುಗಳನ್ನೂ ಎರಡನೆಯ ತಂಡದ ಸೋಲುಗಳನ್ನೂ ಕಳೆದರೆ ಬರುವುದೇ ಮ್ಯಾಜಿಕ್ ನಂಬರ್. ಮೊದಲ ತಂಡ 90 ಗೆದ್ದಿದೆ, ಎರಡನೆಯದು 64 ಸೋತಿದೆ ಎಂದಾದರೆ ಉತ್ತರ ಒಂಬತ್ತು. ಮೊದಲ ತಂಡದ ಪ್ರತಿ ಗೆಲುವಿಗೂ ಎರಡನೆಯ ತಂಡದ ಪ್ರತಿ ಸೋಲಿಗೂ ಅದು ಒಂದೊಂದಾಗಿ ಇಳಿಯುತ್ತದೆ. ಸೊನ್ನೆಯಾದ ಕ್ಷಣ ವಿಭಾಗ ಕೈವಶ. ಹೀಗಾಗಿ ಸೆಪ್ಟೆಂಬರ್‌ನಲ್ಲಿ ಅಭಿಮಾನಿಗೆ ಪ್ರತಿರಾತ್ರಿ ಎರಡು ಪಂದ್ಯಗಳಿರುತ್ತವೆ: ತನ್ನ ತಂಡದ್ದೊಂದು, ನೂರಾರು ಮೈಲಿ ಆಚೆ ಎದುರಾಳಿ ಆಡುತ್ತಿರುವುದು ಇನ್ನೊಂದು. ಮೈದಾನದಲ್ಲಿ ಕುಳಿತೂ ಬೇರೆ ಊರಿನ ಸ್ಕೋರ್‌ನತ್ತ ಕಣ್ಣು ಹಾಯಿಸುವ ಈ ಅಭ್ಯಾಸ ಆಟದಷ್ಟೇ ಹಳೆಯದು. ಬಾಸ್ಟನ್‌ನ ಫೆನ್ವೇ ಪಾರ್ಕ್ ಕ್ರೀಡಾಂಗಣದಲ್ಲಿ 'ಗ್ರೀನ್ ಮಾನ್‌ಸ್ಟರ್' ಎಂದು ಹೆಸರಾದ ಎತ್ತರದ ಹಸಿರು ಗೋಡೆಯಿದೆ. ಅದರ ಮೇಲಿನ, ಕೈಯಿಂದ ಬದಲಿಸುವ ಸ್ಕೋರ್‌ಬೋರ್ಡ್‌ನಲ್ಲಿ ಅಮೆರಿಕನ್ ಲೀಗ್ ಪೂರ್ವ ವಿಭಾಗದ ಸ್ಥಾನಪಟ್ಟಿಗೂ ಜಾಗವಿದೆ.

ಪತ್ರಿಕೆಯ ಪುಟದಿಂದ ಬೆಳೆದ ಅಭ್ಯಾಸ

ಈ ಆಟ ಅಂಕಿಗಳ ಆಟವಾದದ್ದರ ಹಿಂದೆ ಪತ್ರಿಕೆಗಳ ಪಾತ್ರ ದೊಡ್ಡದು. ಇಂಗ್ಲೆಂಡಿನಲ್ಲಿ 1824ರಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದ ಹೆನ್ರಿ ಚಾಡ್ವಿಕ್ ಮೊದಲು ಕ್ರಿಕೆಟ್ ವರದಿಗಾರರಾಗಿದ್ದರು. ಕ್ರಿಕೆಟ್‌ನ ಸ್ಕೋರ್ ಕಾರ್ಡ್ ಮಾದರಿಯನ್ನು ಬೇಸ್‌ಬಾಲ್‌ಗೆ ಒಗ್ಗಿಸಿ, ಇಡೀ ಪಂದ್ಯವನ್ನು ಪುಟ್ಟ ಕೋಷ್ಟಕದಲ್ಲಿ ಹಿಡಿದಿಡುವ 'ಬಾಕ್ಸ್ ಸ್ಕೋರ್' ಅನ್ನು ರೂಪಿಸಿ ಬೆಳೆಸಿದವರಲ್ಲಿ ಅವರು ಪ್ರಮುಖರು. ಬಾಕ್ಸ್ ಸ್ಕೋರ್ ಮತ್ತು ಸ್ಥಾನಪಟ್ಟಿ ಬೆಳಗಿನ ಪತ್ರಿಕೆಯ ಕ್ರೀಡಾಪುಟದ ಕಾಯಂ ಭಾಗಗಳಾದವು. ಕಾಫಿಯ ಜತೆಗೆ ಅವನ್ನು ಓದುವುದು ಅನೇಕ ತಲೆಮಾರುಗಳ ರೂಢಿಯಾಯಿತು. ರೇಡಿಯೊ, ದೂರದರ್ಶನ, ಕೊನೆಗೆ ಮೊಬೈಲ್ ಫೋನ್ ಬಂದರೂ ಬದಲಾದದ್ದು ಸುದ್ದಿಯ ವೇಗ ಮಾತ್ರ. ಓದುವ ಸಂಖ್ಯೆ ಅದೇ.

ಋತುವಿನ ಉದ್ದಕ್ಕೂ ಆ ಸಂಖ್ಯೆಯ ತೂಕ ಒಂದೇ ಆಗಿರುವುದಿಲ್ಲ. ಏಪ್ರಿಲ್‌ನ ಮೂರು ಪಂದ್ಯಗಳ ಮುನ್ನಡೆಗೆ ಯಾರೂ ಬೆಲೆ ಕೊಡುವುದಿಲ್ಲ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರಂದು ಮೊದಲ ಸ್ಥಾನದಲ್ಲಿರುವ ತಂಡವೇ ಕೊನೆಗೂ ಮೇಲುಗೈ ಸಾಧಿಸುತ್ತದೆ ಎಂಬುದು ಹಳೆಯ ನಂಬಿಕೆ. 1914ರ ಜುಲೈ 4ರಂದು ಕೊನೆಯ ಸ್ಥಾನದಲ್ಲಿ, 15 ಪಂದ್ಯ ಹಿಂದೆ ಇದ್ದ ಬಾಸ್ಟನ್ ಬ್ರೇವ್ಸ್ ತಂಡ ಆ ವರ್ಷ ಲೀಗ್ ಮಾತ್ರವಲ್ಲ, ವರ್ಲ್ಡ್ ಸೀರೀಸ್ ಅನ್ನೂ ಗೆದ್ದು ಆ ನಂಬಿಕೆಯನ್ನು ಸುಳ್ಳಾಗಿಸಿತ್ತು. ಜುಲೈ ಕೊನೆಯ ಆಸುಪಾಸಿನಲ್ಲಿ ಆಟಗಾರರ ವಿನಿಮಯಕ್ಕೆ ಗಡುವು ಮುಗಿಯುತ್ತದೆ. ಮುಂದಿರುವ ತಂಡ ಹೊಸ ಆಟಗಾರರನ್ನು ಕೊಳ್ಳಬೇಕೇ, ಹಿಂದಿರುವ ತಂಡ ತನ್ನವರನ್ನು ಬಿಟ್ಟುಕೊಡಬೇಕೇ ಎಂಬ ತೀರ್ಮಾನಕ್ಕೆ ಸ್ಥಾನಪಟ್ಟಿಯೇ ಆಧಾರ. ಆಗಸ್ಟ್ ಸಹನೆಯ ತಿಂಗಳು. ಸೆಪ್ಟೆಂಬರ್‌ನಲ್ಲಿ ಮಾತ್ರ ಪ್ರತಿ ಪಂದ್ಯವೂ ಭಾರವೆನಿಸುತ್ತದೆ.

ಕೈಜಾರಿದ ಮುನ್ನಡೆಗಳು

ಮುನ್ನಡೆ ಎಂಬುದು ಆಸ್ತಿಯಲ್ಲ ಎಂಬ ಪಾಠವನ್ನು ಹಳೆಯ ಅಭಿಮಾನಿಗಳು 1964ರ ಫಿಲಡೆಲ್ಫಿಯಾದಿಂದ ಆರಂಭಿಸುತ್ತಾರೆ. ಆಗಿನ್ನೂ ವಿಭಾಗಗಳಿರಲಿಲ್ಲ, ಇಡೀ ನ್ಯಾಷನಲ್ ಲೀಗ್‌ನ ಅಗ್ರಸ್ಥಾನವೇ ಗುರಿ. ಕೇವಲ 12 ಪಂದ್ಯಗಳು ಉಳಿದಿದ್ದಾಗ ಫಿಲ್ಲೀಸ್ ತಂಡ ಆರೂವರೆ ಪಂದ್ಯ ಮುಂದಿತ್ತು. ವರ್ಲ್ಡ್ ಸೀರೀಸ್ ಟಿಕೆಟ್‌ಗಳು ಅಚ್ಚಾಗಿದ್ದವು. ಸೆಪ್ಟೆಂಬರ್ 21ರಂದು ಸಿನ್ಸಿನಾಟಿ ತಂಡದ ಚಿಕೊ ರೂಯಿಜ್ ಹೋಮ್ ಬೇಸ್ ಅನ್ನೇ ಕದ್ದು ಪಂದ್ಯದ ಏಕೈಕ ರನ್ ಗಳಿಸಿದರು. ಅಲ್ಲಿಂದ ಫಿಲ್ಲೀಸ್ ಸತತ ಹತ್ತು ಪಂದ್ಯಗಳನ್ನು ಸೋತಿತು. ವ್ಯವಸ್ಥಾಪಕ ಜೀನ್ ಮಾಕ್ ತಮ್ಮ ಇಬ್ಬರು ಶ್ರೇಷ್ಠ ಪಿಚರ್‌ಗಳಾದ ಜಿಮ್ ಬನ್ನಿಂಗ್ ಮತ್ತು ಕ್ರಿಸ್ ಶಾರ್ಟ್ ಅವರನ್ನು ಸಾಕಷ್ಟು ವಿಶ್ರಾಂತಿಯಿಲ್ಲದೆ ಮತ್ತೆ ಮತ್ತೆ ಕಣಕ್ಕಿಳಿಸಿದ್ದು ಇಂದಿಗೂ ಚರ್ಚೆಯ ವಿಷಯ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಒಂದು ಪಂದ್ಯದ ಅಂತರದಿಂದ ಲೀಗ್ ಗೆದ್ದಿತು. ಅಚ್ಚಾದ ಟಿಕೆಟ್‌ಗಳು ಉಪಯೋಗಕ್ಕೆ ಬರಲಿಲ್ಲ.

ವಿಭಾಗಗಳು ಜಾರಿಗೆ ಬಂದ ಮೊದಲ ವರ್ಷವೇ, 1969ರಲ್ಲಿ, ಅದೇ ಅನುಭವ ಷಿಕಾಗೊ ಕಬ್ಸ್ ಪಾಲಿಗೆ ಬಂತು. ಆಗಸ್ಟ್ ಮಧ್ಯದಲ್ಲಿ ನ್ಯೂಯಾರ್ಕ್ ಮೆಟ್ಸ್ ಸುಮಾರು ಹತ್ತು ಪಂದ್ಯ ಹಿಂದಿತ್ತು. ಸೆಪ್ಟೆಂಬರ್ 9ರಂದು ನ್ಯೂಯಾರ್ಕ್‌ನಲ್ಲಿ ನಡೆದ ಪಂದ್ಯದ ವೇಳೆ ಕರಿ ಬೆಕ್ಕೊಂದು ಮೈದಾನಕ್ಕೆ ಬಂದು ಕಬ್ಸ್ ಆಟಗಾರರ ಮುಂದೆಯೇ ಸುಳಿದಾಡಿತು. ಮರುದಿನ ಮೆಟ್ಸ್ ಮೊದಲ ಸ್ಥಾನಕ್ಕೇರಿತು. ಕೊನೆಗೆ ಮೆಟ್ಸ್ 100 ಪಂದ್ಯ ಗೆದ್ದು, 92 ಗೆದ್ದ ಕಬ್ಸ್‌ಗಿಂತ ಎಂಟು ಪಂದ್ಯ ಮುಂದೆ ಉಳಿಯಿತು. 1945ರಿಂದ ಲೀಗ್ ಪ್ರಶಸ್ತಿಗಾಗಿ ಕಾದಿದ್ದ ಕಬ್ಸ್ ಅಭಿಮಾನಿಗಳು ಆ ಬೆಕ್ಕನ್ನು ಮರೆಯಲಿಲ್ಲ. 1908ರ ನಂತರ ಅವರ ತಂಡ ಮತ್ತೆ ವರ್ಲ್ಡ್ ಸೀರೀಸ್ ಗೆದ್ದದ್ದು 2016ರಲ್ಲಿ.

1978: ಹದಿನಾಲ್ಕು ಪಂದ್ಯಗಳ ಅಂತರ

ಬಾಸ್ಟನ್ ರೆಡ್ ಸಾಕ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ನಡುವಿನ ವೈರ ಅಮೆರಿಕದ ಕ್ರೀಡಾಲೋಕದಲ್ಲೇ ಹೆಸರಾದದ್ದು. 1978ರ ಜುಲೈ 19ರಂದು ರೆಡ್ ಸಾಕ್ಸ್ ಅಮೆರಿಕನ್ ಲೀಗ್ ಪೂರ್ವ ವಿಭಾಗದ ಅಗ್ರಸ್ಥಾನದಲ್ಲಿತ್ತು. ಹಿಂದಿನ ವರ್ಷದ ಚಾಂಪಿಯನ್ ಯಾಂಕೀಸ್ ನಾಲ್ಕನೇ ಸ್ಥಾನದಲ್ಲಿ, 14 ಪಂದ್ಯ ಹಿಂದಿತ್ತು. ಕೆಲವೇ ದಿನಗಳಲ್ಲಿ ಯಾಂಕೀಸ್ ವ್ಯವಸ್ಥಾಪಕ ಬಿಲ್ಲಿ ಮಾರ್ಟಿನ್ ರಾಜೀನಾಮೆ ನೀಡಿ, ಶಾಂತ ಸ್ವಭಾವದ ಬಾಬ್ ಲೆಮನ್ ಆ ಸ್ಥಾನಕ್ಕೆ ಬಂದರು. ಬಾಸ್ಟನ್‌ನಲ್ಲಿ ಗಾಯಾಳುಗಳ ಸಂಖ್ಯೆ ಹೆಚ್ಚಿತು, ನ್ಯೂಯಾರ್ಕ್‌ನಲ್ಲಿ ಗಾಯಾಳುಗಳು ಚೇತರಿಸಿಕೊಂಡರು.

ಅಂತರ ಕರಗುತ್ತಿದ್ದ ಆಗಸ್ಟ್ ತಿಂಗಳಲ್ಲೇ ನ್ಯೂಯಾರ್ಕ್‌ನ ಮೂರು ಪ್ರಮುಖ ದಿನಪತ್ರಿಕೆಗಳು ಮುಷ್ಕರದಿಂದಾಗಿ ಸ್ಥಗಿತಗೊಂಡವು. ತಂಡದ ಅತ್ಯಂತ ರೋಚಕ ವಾರಗಳಲ್ಲಿ ಆ ನಗರದ ಅಭಿಮಾನಿಗಳಿಗೆ ತಮ್ಮ ಎಂದಿನ ಪತ್ರಿಕೆಯ ಸ್ಥಾನಪಟ್ಟಿ ದೊರೆಯಲಿಲ್ಲ. ರೇಡಿಯೊ ಮತ್ತು ದೂರದರ್ಶನವನ್ನೇ ನೆಚ್ಚಬೇಕಾಯಿತು.

ಸೆಪ್ಟೆಂಬರ್ 7ರಂದು ಯಾಂಕೀಸ್ ಫೆನ್ವೇ ಪಾರ್ಕ್‌ಗೆ ಬಂದಾಗ ಅಂತರ ನಾಲ್ಕು ಪಂದ್ಯ. ಸರಣಿಯಲ್ಲಿದ್ದದ್ದೂ ನಾಲ್ಕು ಪಂದ್ಯ. ಯಾಂಕೀಸ್ 15–3, 13–2, 7–0, 7–4 ರನ್‌ಗಳಿಂದ ನಾಲ್ಕನ್ನೂ ಗೆದ್ದಿತು. 'ಬಾಸ್ಟನ್ ಹತ್ಯಾಕಾಂಡ' ಎಂದೇ ಆ ಸರಣಿ ಕ್ರೀಡಾ ಇತಿಹಾಸದಲ್ಲಿ ದಾಖಲಾಗಿದೆ. ಮುಂದಿನ ವಾರ ಯಾಂಕೀಸ್ ಮೂರೂವರೆ ಪಂದ್ಯ ಮುಂದೆ ಸಾಗಿತು.

ಕತೆ ಅಲ್ಲಿಗೇ ಮುಗಿಯಲಿಲ್ಲ. ಬಿದ್ದ ರೆಡ್ ಸಾಕ್ಸ್ ಎದ್ದುನಿಂತು ಕೊನೆಯ ಎಂಟು ಪಂದ್ಯಗಳನ್ನೂ ಗೆದ್ದಿತು. ಕೊನೆಯ ದಿನ ಯಾಂಕೀಸ್ ಸೋತಿತು. 162 ಪಂದ್ಯಗಳ ನಂತರ ಎರಡೂ ತಂಡಗಳು 99 ಗೆಲುವು, 63 ಸೋಲಿನೊಂದಿಗೆ ಸಮಬಲದಲ್ಲಿದ್ದವು. ಅಕ್ಟೋಬರ್ 2ರಂದು ಫೆನ್ವೇ ಪಾರ್ಕ್‌ನಲ್ಲಿ ನಡೆದ ನಿರ್ಣಾಯಕ ಪಂದ್ಯದ ಏಳನೇ ಇನಿಂಗ್ಸ್‌ವರೆಗೆ ರೆಡ್ ಸಾಕ್ಸ್ 2–0 ಮುಂದಿತ್ತು. ಆಗ ಬ್ಯಾಟಿಂಗ್‌ಗೆ ಬಂದ ಯಾಂಕೀಸ್‌ನ ಬಕಿ ಡೆಂಟ್ ಆ ಋತುವಿನಲ್ಲಿ ಅಲ್ಲಿಯವರೆಗೆ ಹೊಡೆದಿದ್ದದ್ದು ನಾಲ್ಕೇ ಹೋಮ್ ರನ್. ಅವರು ಹೊಡೆದ ಚೆಂಡು ಗ್ರೀನ್ ಮಾನ್‌ಸ್ಟರ್ ದಾಟಿ ಹೋಯಿತು. ಮೂರು ರನ್ ಬಂದವು. ಯಾಂಕೀಸ್ 5–4ರಿಂದ ಗೆದ್ದು, ಆ ವರ್ಷದ ವರ್ಲ್ಡ್ ಸೀರೀಸ್ ಅನ್ನೂ ಗೆದ್ದಿತು. ವೈಲ್ಡ್ ಕಾರ್ಡ್ ಇಲ್ಲದ ಆ ಕಾಲದಲ್ಲಿ 99 ಪಂದ್ಯ ಗೆದ್ದ ರೆಡ್ ಸಾಕ್ಸ್ ಆಟಗಾರರು ಮನೆಗೆ ಮರಳಿದರು.

ಅಂಥ ಕೊನೆಯ ದೊಡ್ಡ ಪೈಪೋಟಿ 1993ರದ್ದು. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ 103 ಪಂದ್ಯ ಗೆದ್ದರೂ, 104 ಗೆದ್ದ ಅಟ್ಲಾಂಟಾ ಬ್ರೇವ್ಸ್ ಎದುರು ವಿಭಾಗ ಕಳೆದುಕೊಂಡಿತು. ಋತುವಿನ ಕೊನೆಯ ದಿನ ಡಾಜರ್ಸ್ ಎದುರು 12–1ರಿಂದ ಸೋತ ಜೈಂಟ್ಸ್‌ಗೆ ಪ್ಲೇ ಆಫ್‌ನಲ್ಲಿ ಸ್ಥಾನವೇ ಇರಲಿಲ್ಲ.

ತಂಡವನ್ನೇ ಉಳಿಸಿದ ಬೆನ್ನಟ್ಟುವಿಕೆ

ಒಬ್ಬರ ಕುಸಿತ ಇನ್ನೊಬ್ಬರ ಹಬ್ಬ. 1995ರ ಆಗಸ್ಟ್ ಆರಂಭದಲ್ಲಿ ಸಿಯಾಟಲ್ ಮರೀನರ್ಸ್ ತಂಡ ಕ್ಯಾಲಿಫೋರ್ನಿಯಾ ಏಂಜಲ್ಸ್‌ಗಿಂತ 13 ಪಂದ್ಯ ಹಿಂದಿತ್ತು. 1977ರಲ್ಲಿ ಸ್ಥಾಪನೆಯಾದಂದಿನಿಂದ ಒಮ್ಮೆಯೂ ಪ್ಲೇ ಆಫ್ ಕಾಣದ ತಂಡವದು. ಹೊಸ ಕ್ರೀಡಾಂಗಣ ದೊರೆಯದಿದ್ದರೆ ತಂಡ ಮಾರಾಟವಾಗಿ ನಗರ ಬಿಟ್ಟುಹೋಗುವ ಭೀತಿಯೂ ಇತ್ತು.

ಏಂಜಲ್ಸ್ ಎರಡು ಬಾರಿ ಸತತ ಒಂಬತ್ತು ಪಂದ್ಯಗಳನ್ನು ಸೋತಿತು. ಸಿಯಾಟಲ್ ಗೆಲ್ಲುತ್ತ ಹೋಯಿತು. ಕ್ರೀಡಾಂಗಣಕ್ಕಾಗಿ ಮಾರಾಟ ತೆರಿಗೆ ಹೆಚ್ಚಿಸುವ ಪ್ರಸ್ತಾವವನ್ನು ಸೆಪ್ಟೆಂಬರ್ 19ರಂದು ಕಿಂಗ್ ಕೌಂಟಿಯ ಮತದಾರರು ಅತ್ಯಲ್ಪ ಅಂತರದಲ್ಲಿ ತಿರಸ್ಕರಿಸಿದರು. ಅದೇ ದಿನಗಳಲ್ಲಿ ತಂಡ ಮೊದಲ ಸ್ಥಾನಕ್ಕೇರುತ್ತಿತ್ತು. ಋತು ಮುಗಿದಾಗ ಎರಡೂ ತಂಡಗಳು ಸಮಬಲ. ಅಕ್ಟೋಬರ್ 2ರ ನಿರ್ಣಾಯಕ ಪಂದ್ಯದಲ್ಲಿ ರ‍್ಯಾಂಡಿ ಜಾನ್ಸನ್ ಅವರ ಪಿಚಿಂಗ್ ಬಲದಿಂದ ಮರೀನರ್ಸ್ 9–1ರಿಂದ ಗೆದ್ದಿತು. ನಂತರ ಯಾಂಕೀಸ್ ಎದುರಿನ ಐದು ಪಂದ್ಯಗಳ ಸರಣಿಯಲ್ಲಿ ಮೊದಲೆರಡನ್ನು ಸೋತು ಉಳಿದ ಮೂರನ್ನೂ ಗೆದ್ದಿತು.

ಆ ಉತ್ಸಾಹದ ಅಲೆಯಲ್ಲೇ ವಾಷಿಂಗ್ಟನ್ ರಾಜ್ಯದ ಶಾಸನಸಭೆ ವಿಶೇಷ ಅಧಿವೇಶನ ಸೇರಿ ಕ್ರೀಡಾಂಗಣಕ್ಕೆ ಹಣಕಾಸಿನ ಬೇರೆ ದಾರಿ ಒದಗಿಸಿತು. 1999ರ ಜುಲೈನಲ್ಲಿ ಹೊಸ ಕ್ರೀಡಾಂಗಣ ತೆರೆಯಿತು. ಮರೀನರ್ಸ್ ಇಂದಿಗೂ ಸಿಯಾಟಲ್‌ನಲ್ಲೇ ಇದೆ. ಸಾರ್ವಜನಿಕ ಹಣದಲ್ಲಿ ಕ್ರೀಡಾಂಗಣ ಕಟ್ಟುವುದು ಸರಿಯೇ ಎಂಬ ವಾದ ಬೇರೆ; ಸ್ಥಾನಪಟ್ಟಿಯ ಒಂದು ಅಂಕಿ ಒಂದು ನಗರದ ತೀರ್ಮಾನವನ್ನು ತಿರುಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ದೊರೆಯುವುದು ಕಷ್ಟ.

ಏಳು ಪಂದ್ಯ ಮುಂದೆ, ಹದಿನೇಳು ಬಾಕಿ

ನ್ಯೂಯಾರ್ಕ್ ಮೆಟ್ಸ್ ಅಭಿಮಾನಿಗಳು ಈ ಪಾಠವನ್ನು ಒಂದಕ್ಕಿಂತ ಹೆಚ್ಚು ಬಾರಿ ಕಲಿತಿದ್ದಾರೆ. 2007ರ ಸೆಪ್ಟೆಂಬರ್ 12ರಂದು ಮೆಟ್ಸ್ ಏಳು ಪಂದ್ಯ ಮುಂದಿತ್ತು, 17 ಪಂದ್ಯಗಳು ಬಾಕಿಯಿದ್ದವು. ಅಷ್ಟು ತಡವಾಗಿ ಅಷ್ಟು ದೊಡ್ಡ ಮುನ್ನಡೆಯನ್ನು ಅದುವರೆಗೆ ಯಾವ ತಂಡವೂ ಕಳೆದುಕೊಂಡಿರಲಿಲ್ಲ. ಮೆಟ್ಸ್ ಉಳಿದ 17ರಲ್ಲಿ ಐದನ್ನು ಮಾತ್ರ ಗೆದ್ದಿತು. ಬೆನ್ನಟ್ಟಿದ ಫಿಲಡೆಲ್ಫಿಯಾ 13 ಗೆದ್ದಿತು. ಸೆಪ್ಟೆಂಬರ್ 30ರ ಕೊನೆಯ ಪಂದ್ಯದ ಮೊದಲ ಇನಿಂಗ್ಸ್‌ನಲ್ಲೇ ಅನುಭವಿ ಪಿಚರ್ ಟಾಮ್ ಗ್ಲಾವಿನ್ ಒಬ್ಬನನ್ನಷ್ಟೇ ಔಟ್ ಮಾಡಿ ಏಳು ರನ್ ಬಿಟ್ಟುಕೊಟ್ಟರು. ಫಿಲಡೆಲ್ಫಿಯಾ 89, ಮೆಟ್ಸ್ 88. 1964ರ ಗಾಯ ಹೊತ್ತಿದ್ದ ನಗರಕ್ಕೆ 43 ವರ್ಷಗಳ ನಂತರ ಸಾಲ ತೀರಿದಂತಾಯಿತು.

2022ರಲ್ಲಿ ಮತ್ತೆ ಅದೇ ಮೆಟ್ಸ್. ಜೂನ್ 1ರಂದು ಅಟ್ಲಾಂಟಾಕ್ಕಿಂತ ಹತ್ತೂವರೆ ಪಂದ್ಯ ಮುಂದಿದ್ದ ತಂಡ ಋತುವಿನ ಕೊನೆಯ ವಾರಾಂತ್ಯದ ಹೊತ್ತಿಗೆ ಅಟ್ಲಾಂಟಾದಲ್ಲೇ ಮೂರು ಪಂದ್ಯಗಳನ್ನು ಸತತವಾಗಿ ಸೋತಿತು. ಎರಡೂ ತಂಡಗಳು 101 ಗೆಲುವು, 61 ಸೋಲಿನೊಂದಿಗೆ ಮುಗಿಸಿದವು. 1978ರಂಥ ನಿರ್ಣಾಯಕ ಪಂದ್ಯದ ಪದ್ಧತಿಯನ್ನು ಅದೇ ವರ್ಷ ಕೈಬಿಡಲಾಗಿತ್ತು. ಪರಸ್ಪರ ಆಡಿದ 19 ಪಂದ್ಯಗಳಲ್ಲಿ ಹತ್ತನ್ನು ಗೆದ್ದಿದ್ದ ಅಟ್ಲಾಂಟಾಕ್ಕೆ ವಿಭಾಗ ಒಲಿಯಿತು.

ದಾಖಲೆಯ ಕುಸಿತ ಕಂಡದ್ದು 2025ರಲ್ಲಿ. ಜುಲೈ ಆರಂಭದಲ್ಲಿ ಡೆಟ್ರಾಯಿಟ್ ಟೈಗರ್ಸ್‌ಗಿಂತ ಹದಿನೈದೂವರೆ ಪಂದ್ಯ ಹಿಂದಿದ್ದ ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್, ಸೆಪ್ಟೆಂಬರ್‌ನಲ್ಲಿ ಪರಸ್ಪರ ಆಡಿದ ಆರು ಪಂದ್ಯಗಳಲ್ಲಿ ಐದನ್ನು ಗೆದ್ದು, ಅಮೆರಿಕನ್ ಲೀಗ್ ಮಧ್ಯ ವಿಭಾಗವನ್ನು ಒಂದು ಪಂದ್ಯದ ಅಂತರದಿಂದ ತನ್ನದಾಗಿಸಿಕೊಂಡಿತು. 1914ರ ಬಾಸ್ಟನ್ ಬ್ರೇವ್ಸ್‌ನ 15 ಪಂದ್ಯಗಳ ಹಳೆಯ ಗಡಿಯನ್ನೂ ಇದು ದಾಟಿತು.

ಮುನ್ನಡೆ ಕರಗುವುದೇಕೆ?

ಈ ಕುಸಿತಗಳನ್ನು ಧೈರ್ಯಗೆಡುವಿಕೆ, ಶಾಪ, ಕರಿ ಬೆಕ್ಕು ಎಂದೆಲ್ಲ ವಿವರಿಸುವುದು ಅಭಿಮಾನಿಗಳ ರೂಢಿ. ಆಟದ ಸ್ವರೂಪದಲ್ಲೇ ಕಾರಣಗಳಿವೆ.

ಮೊದಲನೆಯದು ಗೆಲುವಿನ ಪ್ರಮಾಣ. ಬೇಸ್‌ಬಾಲ್‌ನಲ್ಲಿ 100 ಪಂದ್ಯ ಗೆದ್ದ ತಂಡ ಶ್ರೇಷ್ಠವೆನಿಸುತ್ತದೆ. ಆದರೂ ಅದು 62 ಪಂದ್ಯ ಸೋತಿರುತ್ತದೆ. ಅತಿ ದುರ್ಬಲ ತಂಡವೂ ಸಾಮಾನ್ಯವಾಗಿ ಮೂರರಲ್ಲಿ ಒಂದು ಪಂದ್ಯವನ್ನಾದರೂ ಗೆಲ್ಲುತ್ತದೆ. ಆದುದರಿಂದ ಉತ್ತಮ ತಂಡಕ್ಕೂ ಎರಡು ವಾರಗಳ ಕೆಟ್ಟ ಕಾಲ ಬರುವುದು ಅಪರೂಪವೇನಲ್ಲ.

ಎರಡನೆಯದು ಸಮಯ. ಮುಂದಿರುವ ತಂಡ 40 ಪಂದ್ಯಗಳಲ್ಲಿ 20 ಗೆದ್ದು 20 ಸೋತರೆ ಅದು ಕುಸಿದಂತೆ ಕಾಣುವುದೇ ಇಲ್ಲ. ಅದೇ ಅವಧಿಯಲ್ಲಿ ಹಿಂದಿನ ತಂಡ 28 ಗೆದ್ದರೆ ಎಂಟು ಪಂದ್ಯಗಳ ಅಂತರ ಸದ್ದಿಲ್ಲದೆ ಮಾಯವಾಗಿರುತ್ತದೆ.

ಮೂರನೆಯದು ಪಿಚರ್‌ಗಳು. ಪಂದ್ಯ ಆರಂಭಿಸುವ ಪಿಚರ್‌ಗೆ ನಾಲ್ಕೈದು ದಿನಗಳ ವಿಶ್ರಾಂತಿ ಬೇಕು. ಆದ್ದರಿಂದ ತಂಡಗಳು ಐವರನ್ನು ಸರದಿಯಲ್ಲಿ ಬಳಸುತ್ತವೆ. ಅವರಲ್ಲಿ ಇಬ್ಬರು ಗಾಯಗೊಂಡರೆ ಅದೇ ತಂಡ ಬೇರೆಯದೇ ತಂಡವಾಗುತ್ತದೆ.

ನಾಲ್ಕನೆಯದು ಪರಸ್ಪರ ಪಂದ್ಯಗಳು. ಮುಂದಿರುವವರು ಮತ್ತು ಬೆನ್ನಟ್ಟುವವರು ನೇರವಾಗಿ ಎದುರಾದಾಗ ಪ್ರತಿ ಪಂದ್ಯಕ್ಕೂ ಅಂತರ ಪೂರ್ತಿ ಒಂದರಷ್ಟು ಬದಲಾಗುತ್ತದೆ. 1978ರ ಬಾಸ್ಟನ್‌ನಲ್ಲಿ ನಾಲ್ಕು ದಿನ ಸಾಕಾದದ್ದು ಇದರಿಂದ. 2022ರವರೆಗೆ ತಂಡಗಳು ವಿಭಾಗದ ಪ್ರತಿ ಎದುರಾಳಿಯೊಂದಿಗೆ 19 ಬಾರಿ ಆಡುತ್ತಿದ್ದವು. 2023ರಿಂದ ಅದು 13ಕ್ಕೆ ಇಳಿದಿದೆ. ಹಿಂದಿರುವ ತಂಡಕ್ಕೆ ಮುಂದಿರುವವರನ್ನು ತಾನೇ ಎಳೆದು ಕೆಳಗಿಳಿಸುವ ಅವಕಾಶ ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ಇಂದಿನ ದಿನಗಳಲ್ಲಿ ಪ್ಲೇ ಆಫ್ ಸಾಧ್ಯತೆಯನ್ನು ಶೇಕಡಾವಾರು ಲೆಕ್ಕದಲ್ಲಿ ಪ್ರತಿದಿನ ಪ್ರಕಟಿಸುವ ವ್ಯವಸ್ಥೆಗಳಿವೆ. ಉಳಿದ ಪಂದ್ಯಗಳನ್ನು ಕಂಪ್ಯೂಟರ್‌ನಲ್ಲಿ ಸಾವಿರಾರು ಬಾರಿ 'ಆಡಿಸಿ' ಈ ಅಂದಾಜು ಪಡೆಯಲಾಗುತ್ತದೆ. ಶೇ 99 ಎಂಬ ಅಂಕಿ ಕಂಡಾಗ ಅಭಿಮಾನಿ ನಿಶ್ಚಿಂತನಾಗಬಹುದು. ಆದರೆ ನೂರರಲ್ಲಿ ಒಮ್ಮೆ ಎಂಬುದಕ್ಕೆ 'ಎಂದೂ ಇಲ್ಲ' ಎಂಬ ಅರ್ಥವಿಲ್ಲ.

ಮುನ್ನಡೆಗೆ ಈಗಿನ ಬೆಲೆ

1978ರ ಬಾಸ್ಟನ್ ಅಥವಾ 1993ರ ಸ್ಯಾನ್ ಫ್ರಾನ್ಸಿಸ್ಕೊಗೆ ಇದ್ದ 'ಎಲ್ಲ ಅಥವಾ ಏನೂ ಇಲ್ಲ' ಎಂಬ ಸ್ಥಿತಿ ಈಗಿಲ್ಲ. 2012ರಲ್ಲಿ ಪ್ರತಿ ಲೀಗ್‌ಗೆ ಎರಡನೇ ವೈಲ್ಡ್ ಕಾರ್ಡ್ ಬಂತು, 2022ರಿಂದ ಮೂರು. ಹೀಗೆ ಪ್ರತಿ ಲೀಗ್‌ನಿಂದ ಆರು ತಂಡಗಳು ಪ್ಲೇ ಆಫ್ ಆಡುತ್ತವೆ. ವಿಭಾಗ ಗೆದ್ದ ಮೂರು ತಂಡಗಳಲ್ಲಿ ಉತ್ತಮವಾದ ಎರಡಕ್ಕೆ ಮೊದಲ ಸುತ್ತಿನಿಂದ ವಿನಾಯಿತಿ. ಮೂರನೆಯದು ವೈಲ್ಡ್ ಕಾರ್ಡ್ ತಂಡಗಳ ಜತೆ ಮೂರು ಪಂದ್ಯಗಳ ಕಿರು ಸರಣಿ ಆಡಬೇಕು. 162 ಪಂದ್ಯಗಳ ಶ್ರಮ ಎರಡೇ ದಿನಗಳಲ್ಲಿ ಕೊನೆಗೊಳ್ಳಬಹುದಾದ ಸರಣಿಯದು. ಅದನ್ನು ತಪ್ಪಿಸಿಕೊಳ್ಳುವುದೇ ಇಂದಿನ ಮುನ್ನಡೆಯ ಮುಖ್ಯ ಲಾಭ. 2022ರಲ್ಲಿ 101 ಪಂದ್ಯ ಗೆದ್ದ ಮೆಟ್ಸ್ ಆ ಕಿರು ಸರಣಿಯಲ್ಲೇ ಸ್ಯಾನ್ ಡಿಯಾಗೊ ಪಾಡ್ರೆಸ್ ಎದುರು 2–1ರಿಂದ ಸೋತು ಹೊರನಡೆಯಿತು.

ಸೋತವರಿಗೂ ಈ ವ್ಯವಸ್ಥೆ ಬಾಗಿಲು ತೆರೆದಿಡುತ್ತದೆ. 2025ರಲ್ಲಿ ಹದಿನೈದೂವರೆ ಪಂದ್ಯಗಳ ಮುನ್ನಡೆ ಕಳೆದುಕೊಂಡ ಡೆಟ್ರಾಯಿಟ್ ವೈಲ್ಡ್ ಕಾರ್ಡ್ ಮೂಲಕ ಒಳಬಂತು. ಮೊದಲ ಸುತ್ತಿನಲ್ಲಿ ಎದುರಾದದ್ದು ಅದೇ ಕ್ಲೀವ್‌ಲ್ಯಾಂಡ್. ಕ್ಲೀವ್‌ಲ್ಯಾಂಡ್‌ನದೇ ಮೈದಾನದಲ್ಲಿ ಡೆಟ್ರಾಯಿಟ್ 2–1ರಿಂದ ಸರಣಿ ಗೆದ್ದಿತು. ಮೂರು ತಿಂಗಳು ಬೆನ್ನಟ್ಟಿ ವಿಭಾಗ ಗೆದ್ದ ತಂಡದ ಋತು ಮೂರು ದಿನಗಳಲ್ಲಿ ಮುಗಿಯಿತು.

ಹೀಗಿದ್ದರೂ ವಿಭಾಗ ಗೆದ್ದ ವರ್ಷವನ್ನು ಕ್ರೀಡಾಂಗಣದ ಗೋಡೆಯ ಮೇಲೆ ಬರೆಸುವ, ಧ್ವಜವಾಗಿ ಹಾರಿಸುವ ಸಂಪ್ರದಾಯ ಉಳಿದಿದೆ. ಪ್ಲೇ ಆಫ್ ಕೆಲವು ವಾರಗಳ ಅದೃಷ್ಟಪರೀಕ್ಷೆ. ವಿಭಾಗ ಮಾತ್ರ ಆರು ತಿಂಗಳ ದುಡಿಮೆಯ ಫಲ ಎಂಬುದು ಅಭಿಮಾನಿಗಳ ಭಾವನೆ. 1973ರಲ್ಲಿ ಆಗಸ್ಟ್ ಕೊನೆಯವರೆಗೂ ಕೊನೆಯ ಸ್ಥಾನದಲ್ಲಿದ್ದ ಮೆಟ್ಸ್, ಕೇವಲ 82 ಗೆಲುವು, 79 ಸೋಲಿನೊಂದಿಗೆ ವಿಭಾಗ ಗೆದ್ದು ವರ್ಲ್ಡ್ ಸೀರೀಸ್‌ವರೆಗೆ ನಡೆದಿತ್ತು. ಮುಗಿಯುವವರೆಗೆ ಮುಗಿದಂತಲ್ಲ ಎಂಬರ್ಥದ ಪ್ರಸಿದ್ಧ ಮಾತಿನೊಂದಿಗೆ ಜನ ನೆನೆಯುವುದು ಆ ತಂಡದ ವ್ಯವಸ್ಥಾಪಕ ಯೋಗಿ ಬೆರಾ ಅವರನ್ನು.

ಆ ಮಾತು ಹಿಂದಿರುವ ತಂಡದ ಅಭಿಮಾನಿಗೆ ಭರವಸೆ, ಮುಂದಿರುವ ತಂಡದ ಅಭಿಮಾನಿಗೆ ಎಚ್ಚರಿಕೆ. ಮ್ಯಾಜಿಕ್ ನಂಬರ್ ಸೊನ್ನೆ ಮುಟ್ಟುವ ರಾತ್ರಿಯವರೆಗೂ ಇಬ್ಬರೂ ಒಂದೇ ಪಟ್ಟಿಯನ್ನು ಓದುತ್ತಾರೆ. ಋತು ಮುಗಿದ ಮೇಲೆ ಕಂಬದಿಂದ ಎಲ್ಲ ಧ್ವಜಗಳೂ ಇಳಿಯುತ್ತವೆ. ಮುಂದಿನ ವಸಂತದಲ್ಲಿ ಆಟ ಮತ್ತೆ ಆರಂಭವಾದಾಗ 30 ತಂಡಗಳ ಗೆಲುವು ಸೊನ್ನೆ, ಸೋಲು ಸೊನ್ನೆ. ಯಾರೂ ಯಾರಿಗಿಂತಲೂ ಅರ್ಧ ಪಂದ್ಯವೂ ಹಿಂದಿರುವುದಿಲ್ಲ.